ಎಲ್ಲವೂ ಹಳೆಯದೇ ಇರುವ ಡೆಬಿಯನ್ನಿಗೆ ಯಾಕೆ ಅಂಟಿಕೊಂಡಿದ್ದೀರಿ?

ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಸ್ಥಿರ ಆವೃತ್ತಿಯಾದ ಸ್ಟೇಬಲ್‌ನಲ್ಲಿ ಸಾಫ್ಟ್‌ವೇರ್ ಎಲ್ಲ ಹಳೆಯದು, ಭದ್ರತೆಯ ಗತಿಯೇನು, ಆದರೂ ಕೆಲವರು ಅದನ್ನು ಬಿಡುವುದೇ ಇಲ್ಲ ಯಾಕೆ ಎಂದು ಕೇಳಿದ್ದೀರಿ. ಬಿಡದವರಲ್ಲಿ ನಾನೂ ಒಬ್ಬ. ನೀವು ದೂರುತ್ತಿರುವ ಆ ಹಳೆಯತನವೇ ನನಗೆ ಅದರ ಮೇಲಿರುವ ನಂಬಿಕೆಗೆ ಕಾರಣ.

ಭದ್ರತೆಯ ಮಾತಿಗೆ ಬಂದರೆ, ಪ್ಯಾಕೇಜಿನ ಆವೃತ್ತಿ ಸಂಖ್ಯೆಯ ಬಾಲವನ್ನು ಗಮನಿಸಿ. 2024ರ ಜುಲೈ 1ರಂದು ದೂರದಿಂದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಸರ್ವರ್‌ನಲ್ಲಿ ಗಂಭೀರ ಲೋಪವೊಂದು ಬಯಲಾಯಿತು. ಪಾಸ್‌ವರ್ಡ್ ಇಲ್ಲದೆಯೇ ಹೊರಗಿನವರಿಗೆ ರೂಟ್ ಅಧಿಕಾರ, ಅಂದರೆ ಯಂತ್ರದ ಪೂರ್ಣ ಹಿಡಿತ, ಸಿಗಬಹುದಾದಂಥ ಲೋಪ ಅದು. ಮೂಲ ತಂಡ ಅದನ್ನು 9.8ರಲ್ಲಿ ಸರಿಪಡಿಸಿತು. ಡೆಬಿಯನ್ 12ರಲ್ಲಿದ್ದ 9.2 ಮಾತ್ರ 9.2 ಆಗಿಯೇ ಉಳಿಯಿತು. ತೇಪೆಯನ್ನಷ್ಟೇ ಅದಕ್ಕೆ ಹಾಕಿದರು, ಸಂಖ್ಯೆಯ ತುದಿಗೆ 'ಡೆಬ್12ಯು3' ಎಂದು ಸೇರಿತು. ರಂಧ್ರ ಮುಚ್ಚಿತು, ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲನ್ನೂ ಮುಟ್ಟಬೇಕಾಗಲಿಲ್ಲ. ಬಾಲ ಬಿಟ್ಟು ಮೊದಲ ಸಂಖ್ಯೆಯನ್ನಷ್ಟೇ ನೋಡುವ ಭದ್ರತಾ ಸ್ಕ್ಯಾನರ್‌ಗಳು ಇಂಥದ್ದನ್ನು ಅಪಾಯ ಎಂದು ತೋರಿಸುತ್ತವೆ. ಗಾಬರಿಯಾಗಬೇಡಿ, ಟರ್ಮಿನಲ್‌ನಲ್ಲಿ 'ಆಪ್ಟ್ ಚೇಂಜ್‌ಲಾಗ್' ಎಂದು ಬರೆದು ಪಕ್ಕದಲ್ಲಿ ಪ್ಯಾಕೇಜಿನ ಹೆಸರು ಕೊಡಿ, ಸರಿಪಡಿಸಿದ ಲೋಪದ ಗುರುತಾದ ಸಿವಿಇ ಸಂಖ್ಯೆ ಅಲ್ಲೇ ಸಿಗುತ್ತದೆ. ಫೈರ್‌ಫಾಕ್ಸ್ ಇಎಸ್‌ಆರ್, ಕ್ರೋಮಿಯಂ ಬ್ರೌಸರ್‌ಗಳು ಇದಕ್ಕೆ ಹೊರತು, ಅವುಗಳ ಹೊಸ ಆವೃತ್ತಿಗಳೇ ಬರುತ್ತವೆ.

ಡೆಬಿಯನ್ ಕೆಡುವುದು ಹೆಚ್ಚಾಗಿ ನಮ್ಮ ಕೈಯಿಂದಲೇ. ಒಂದು ಹೊಸ ಪ್ಯಾಕೇಜಿನ ಆಸೆಗೆ ಪ್ಯಾಕೇಜ್‌ಗಳು ಎಲ್ಲಿಂದ ಬರಬೇಕೆಂದು ಹೇಳುವ ಸೋರ್ಸಸ್ ಲಿಸ್ಟ್‌ಗೆ ಡೆಬಿಯನ್‌ನ ಅಸ್ಥಿರ ಆವೃತ್ತಿಯಾದ 'ಸಿಡ್' ಸೇರಿಸುತ್ತಾರೆ, ಇಲ್ಲವೇ ಉಬುಂಟುವಿಗೆಂದು ಬೇರೆಯವರು ಕಟ್ಟಿದ ಪ್ಯಾಕೇಜ್‌ಗಳ ಭಂಡಾರ, ಪಿಪಿಎ, ಹಾಕುತ್ತಾರೆ. ಆ ಪ್ಯಾಕೇಜ್ ತನ್ನ ಜೊತೆಗೆ ಹೊಸ ಸಿ-ಲೈಬ್ರರಿಯನ್ನೂ ಎಳೆದು ತರಬಹುದು. ಇಡೀ ವ್ಯವಸ್ಥೆ ಅದರ ಮೇಲೇ ನಿಂತಿರುತ್ತದೆ, ಹಳೆಯದಕ್ಕೆ ಮರಳಲು ಡೆಬಿಯನ್‌ನಲ್ಲಿ ಅಧಿಕೃತ ದಾರಿಯಿಲ್ಲ. ಹೊಸತು ಬೇಕೇ ಬೇಕೆಂದರೆ ಸ್ಟೇಬಲ್‌ಗೆಂದೇ ಹೊಸ ಪ್ಯಾಕೇಜ್‌ಗಳನ್ನು ಕೊಡುವ ಡೆಬಿಯನ್‌ನದೇ ಭಂಡಾರ, ಬ್ಯಾಕ್‌ಪೋರ್ಟ್ಸ್, ಬಳಸಿ. ಅವು ಸ್ಟೇಬಲ್‌ನ ಲೈಬ್ರರಿಗಳ ಮೇಲೇ ಕಟ್ಟಿದವು, ಆಪ್ಟ್ ಅವಕ್ಕೆ ಕೊಡುವ ಆದ್ಯತೆ ಸಂಖ್ಯೆಯೂ ಕಡಿಮೆ, 100 ಮಾತ್ರ. ಹಾಗಾಗಿ ಹೆಸರಿಟ್ಟು ಕೇಳದ ಹೊರತು ಅಲ್ಲಿಂದ ಏನೂ ತಾನಾಗಿ ಬಂದು ಕೂರುವುದಿಲ್ಲ. ಡೆಸ್ಕ್‌ಟಾಪ್ ಆ್ಯಪ್‌ಗಳಾದರೆ, ಅವನ್ನು ವ್ಯವಸ್ಥೆಯ ಲೈಬ್ರರಿಗಳಿಂದ ಬೇರೆಯಾಗಿ ಇಡುವ ಫ್ಲ್ಯಾಟ್‌ಪ್ಯಾಕ್ ಸಾಕು.

ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಜಾಗವನ್ನು ಖಾಲಿ ಬಿಡಿ. ಅಲ್ಲಿ ಏನಾದರೂ ಬರೆದರೆ ರೂಟ್ ಅಧಿಕಾರದಲ್ಲಿ ಆಜ್ಞೆ ಕೊಡಲು ಬಿಡುವ ಸುಡೋ ಗುಂಪಿಗೆ ನಿಮ್ಮ ಖಾತೆ ಸೇರುವುದಿಲ್ಲ, ಮೊದಲ ಸುಡೋ ಆಜ್ಞೆಗೇ ತಕರಾರು ಬರುತ್ತದೆ. ವೈಫೈ ಫರ್ಮ್‌ವೇರ್ ಹುಡುಕುವ ಹಳೆಯ ಕಷ್ಟ ಈಗ ಬಹುಮಟ್ಟಿಗೆ ತೀರಿದೆ, 2023ರ ಡೆಬಿಯನ್ 12ರಿಂದ ಅದು ಇನ್‌ಸ್ಟಾಲರ್‌ನಲ್ಲೇ ಇದೆ. ಕನ್ನಡಕ್ಕೆ 'ಫಾಂಟ್ಸ್-ಕೆಎನ್‌ಡಿಎ' ಹಾಕಿದರೆ ಲೋಹಿತ್, ಗುಬ್ಬಿ, ನವಿಲು ಮೂರೂ ಫಾಂಟ್‌ಗಳು ಒಟ್ಟಿಗೆ ಬರುತ್ತವೆ. ಟೈಪಿಂಗ್‌ಗೆ 'ಐಬಸ್-ಎಂ17ಎನ್' ಹಾಕಿ, ಒಮ್ಮೆ ಲಾಗೌಟ್ ಆಗಿ ಬಂದರೆ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆಯೂ ಆಯ್ಕೆಗೆ ಸಿಗುತ್ತದೆ.

ಮೊನ್ನೆ ತಾನೇ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪ್ ನಿಮ್ಮದಾದರೆ ಮೊದಲು ಬ್ಯಾಕ್‌ಪೋರ್ಟ್ಸ್‌ನ ಕರ್ನಲ್ (ಹಾರ್ಡ್‌ವೇರ್ ನಡೆಸುವ ಲಿನಕ್ಸ್‌ನ ತಿರುಳು) ಹಾಕಿ ನೋಡಿ. ಆಗಲೂ ಗ್ರಾಫಿಕ್ಸ್ ಸರಿಯಾಗದಿದ್ದರೆ ಆ ಯಂತ್ರಕ್ಕೆ ಹೊಸ ಸಾಫ್ಟ್‌ವೇರ್ ಬೇಗ ತರುವ ಇನ್ನೊಂದು ಲಿನಕ್ಸ್, ಫೆಡೋರಾ, ಹಾಕಿ.