ಬಿ.ಪಿ. ಮಾತ್ರೆಯಿಂದ ನಾಡಿಬಡಿತ 48ಕ್ಕೆ ಇಳಿದರೆ ಮಾತ್ರೆ ನಿಲ್ಲಿಸಬಹುದೇ?

ನಿಮ್ಮ ತಾಯಿಯವರಿಗೆ 68 ವರ್ಷ, ಆಮ್ಲೋಡಿಪಿನ್ ಮತ್ತು ಅಟೆನೊಲಾಲ್ ಸೇರಿದ ಮಾತ್ರೆಯನ್ನು ಬಹುಕಾಲದಿಂದ ತೆಗೆದುಕೊಳ್ಳುತ್ತಿದ್ದಾರೆ, ಬಿ.ಪಿ. ಹತೋಟಿಯಲ್ಲಿದೆ, ಆದರೆ ಈಚೆಗೆ ಮನೆಯ ಯಂತ್ರ ನಾಡಿಬಡಿತವನ್ನು 48 ಎಂದು ತೋರಿಸುತ್ತಿದೆ ಮತ್ತು ಮೆಟ್ಟಿಲು ಹತ್ತಿದರೆ ಅವರಿಗೆ ಸುಸ್ತಾಗುತ್ತದೆ ಎಂದು ಬರೆದಿದ್ದೀರಿ. ಕಣ್ಣಿನ ಒತ್ತಡಕ್ಕೆ ಡ್ರಾಪ್ಸ್ ಹಾಕುತ್ತಾರೆಂದೂ ಕೊನೆಯಲ್ಲಿ ಒಂದು ಮಾತು ಸೇರಿಸಿದ್ದೀರಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಆದರೆ ಮುಂದಿನ ತಪಾಸಣೆಯ ದಿನ ಬರಲೆಂದು ಕಾಯದೆ ಒಂದೆರಡು ದಿನಗಳಲ್ಲೇ ವೈದ್ಯರಿಗೆ ತೋರಿಸಿ. ನಾನು ಫಾರ್ಮಾಸಿಸ್ಟ್, ಮಾತ್ರೆ ಬದಲಿಸುವ ಅಧಿಕಾರ ನನಗಿಲ್ಲ, ಅದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸಬಲ್ಲೆ.

ಆ ಮಾತ್ರೆಯಲ್ಲಿರುವ ಆಮ್ಲೋಡಿಪಿನ್ ರಕ್ತನಾಳಗಳನ್ನು ಸಡಿಲಗೊಳಿಸುತ್ತದೆ, ಬಡಿತವನ್ನು ತಗ್ಗಿಸುವುದಿಲ್ಲ. ತಗ್ಗಿಸುವುದು ಅಟೆನೊಲಾಲ್. ಅಡ್ರಿನಲಿನ್ ಎಂಬ ಹಾರ್ಮೋನು ಹೃದಯವನ್ನು ಚುರುಕುಗೊಳಿಸದಂತೆ ತಡೆಯುವುದೇ ಅದರ ಕೆಲಸವಾದ್ದರಿಂದ ಬಡಿತ ಸ್ವಲ್ಪ ಇಳಿಯುವುದು ನಿರೀಕ್ಷಿತವೇ. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಪ್ರೊಪ್ರನೊಲಾಲ್ ಬೀಟಾ ಬ್ಲಾಕರ್ ಎಂಬ ಇದೇ ಗುಂಪಿನವು; ಡಿಲ್ಟಿಯಜೆಮ್ ಮತ್ತು ವೆರಪಮಿಲ್ ಬೇರೆ ದಾರಿಯಿಂದ ಅದೇ ಪರಿಣಾಮವನ್ನು ತರುತ್ತವೆ. ಬಿ.ಪಿ.ಯ ಇತರ ಮಾತ್ರೆಗಳಾದ ಟೆಲ್ಮಿಸಾರ್ಟನ್, ಲೊಸಾರ್ಟನ್‌ಗಳಿಗೆ ನೇರವಾಗಿ ಈ ಗುಣವಿಲ್ಲ. ನಿಮಿಷಕ್ಕೆ 60ಕ್ಕಿಂತ ಕಡಿಮೆಯಾದರೆ ನಿಧಾನ ಬಡಿತ ಎನ್ನುತ್ತಾರಾದರೂ ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ 55 ಇದ್ದು ಯಾವ ತೊಂದರೆಯೂ ಇಲ್ಲದಿದ್ದರೆ ವೈದ್ಯರು ಸಾಮಾನ್ಯವಾಗಿ ಹಾಗೆಯೇ ಮುಂದುವರಿಸುತ್ತಾರೆ. ನಿಮ್ಮ ತಾಯಿಯವರ ವಿಷಯದಲ್ಲಿ ಅಂಕಿಗಿಂತ ಹೆಚ್ಚಾಗಿ ನನ್ನ ಗಮನ ಸೆಳೆದದ್ದು ಆ ಸುಸ್ತು, ಏಕೆಂದರೆ ಮೆಟ್ಟಿಲು ಹತ್ತುವಾಗ ಏರಬೇಕಾದ ಬಡಿತ ಏರದಿದ್ದರೆ ಹೀಗಾಗಬಹುದು.

ಮೊದಲು ಕೈಯಿಂದಲೇ ಎಣಿಸಿ ನೋಡಿ. ಅವರನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಇಲ್ಲಿ ಸಾಲದು. ಕೆಲವರಲ್ಲಿ ನಡುನಡುವೆ ಅಕಾಲದ ಬಡಿತಗಳು ಬರುತ್ತವೆ, ಅವು ದುರ್ಬಲವಾದ್ದರಿಂದ ಯಂತ್ರ ಅವನ್ನು ಲೆಕ್ಕಕ್ಕೆ ಹಿಡಿಯದೆ ಕಡಿಮೆ ತೋರಿಸುವುದುಂಟು. ಹಾಗಿದ್ದರೆ ಮಣಿಕಟ್ಟಿನಲ್ಲೂ ನಾಡಿ ತಪ್ಪಿದಂತೆ ತೋರುತ್ತದೆ. ನಿಜ ಏನೆಂಬುದನ್ನು ಹೇಳುವುದು ಇಸಿಜಿ. ಹೃದಯದೊಳಗಿನ ವಿದ್ಯುತ್ ಸಂಚಾರದಲ್ಲಿ ಅಡ್ಡಿಯಿದೆಯೇ ಎಂಬುದೂ ಅದರಿಂದಲೇ ತಿಳಿಯುವುದು.

ಇಷ್ಟು ವರ್ಷ ಒಗ್ಗಿದ್ದ ಮಾತ್ರೆ ಈಗೇಕೆ ಹೀಗೆ ಮಾಡುತ್ತಿದೆ ಎಂಬುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಅಟೆನೊಲಾಲ್ ಬಹುಪಾಲು ಮೂತ್ರಪಿಂಡಗಳ ಮೂಲಕ ಹೊರಹೋಗುವ ಔಷಧಿ. ವಯಸ್ಸಾದಂತೆ ಮೂತ್ರಪಿಂಡಗಳ ಶಕ್ತಿ ಕುಂದಿದರೆ ಅದೇ ಪ್ರಮಾಣ ದೇಹದಲ್ಲಿ ಹೆಚ್ಚು ಹೊತ್ತು ಉಳಿದು ಹೆಚ್ಚು ಡೋಸ್ ಕೊಟ್ಟಂತಾಗುತ್ತದೆ, ಆದ್ದರಿಂದ ಮೂತ್ರಪಿಂಡಗಳ ಶಕ್ತಿಯನ್ನು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಆಗಲೇಬೇಕು. ಜೊತೆಗೆ ಥೈರಾಯ್ಡ್ ಮತ್ತು ಪೊಟ್ಯಾಶಿಯಂ ನೋಡುವುದು ಒಳ್ಳೆಯದು.

ಇನ್ನು ಕಣ್ಣಿನ ಡ್ರಾಪ್ಸ್. ತೆಗೆದುಕೊಳ್ಳುವ ಔಷಧಿಗಳನ್ನೆಲ್ಲ ತನ್ನಿ ಎಂದರೆ ಜನ ಸ್ಟ್ರಿಪ್‌ಗಳನ್ನು ತರುತ್ತಾರೆ, ಡ್ರಾಪ್ಸ್ ಬಾಟಲಿಯನ್ನು ತರುವುದಿಲ್ಲ. ಅದು ಕಣ್ಣಿಗೆ ತಾನೇ ಎನ್ನುತ್ತಾರೆ. ಆ ಬಾಟಲಿಯ ಮೇಲೆ ಟಿಮೊಲಾಲ್ ಎಂದಿದೆಯೇ ಇವತ್ತೇ ಓದಿ. ಒಂದೇ ಬಾಟಲಿಯಲ್ಲಿ ಎರಡು ಔಷಧಿ ಸೇರಿರುವುದೂ ಉಂಟು, ಸಣ್ಣ ಅಕ್ಷರಗಳನ್ನೂ ನೋಡಿ. ಟಿಮೊಲಾಲ್ ಕೂಡ ಅಟೆನೊಲಾಲ್ ಗುಂಪಿನದೇ. ಕಣ್ಣಿಗೆ ಬಿದ್ದ ಹನಿ ಒಳಮೂಲೆಯ ನಾಳದ ಮೂಲಕ ಮೂಗಿನೊಳಕ್ಕೆ ಇಳಿದು, ಅಲ್ಲಿಂದ ಯಕೃತ್ತಿಗೆ ಹೋಗದೆ ನೇರವಾಗಿ ರಕ್ತಕ್ಕೆ ಸೇರುತ್ತದೆ. ಬಿ.ಪಿ. ವೈದ್ಯರಿಗೆ ಡ್ರಾಪ್ಸ್ ವಿಷಯ ಗೊತ್ತಿರುವುದಿಲ್ಲ, ಕಣ್ಣಿನ ವೈದ್ಯರಿಗೆ ಮಾತ್ರೆಯ ವಿಷಯ ಗೊತ್ತಿರುವುದಿಲ್ಲ, ಎರಡರ ಭಾರವನ್ನೂ ಒಂದೇ ಹೃದಯ ಹೊರುತ್ತದೆ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಡ್ರಾಪ್ಸ್ ನಿಲ್ಲಿಸಿದರೆ ದೃಷ್ಟಿಗೆ ಅಪಾಯ, ಅದನ್ನೂ ನೀವಾಗಿ ಬಿಡಿಸಬೇಡಿ.

ಮಾತ್ರೆಯನ್ನು ಥಟ್ಟನೆ ನಿಲ್ಲಿಸಬಾರದೆನ್ನಲು ಕಾರಣವಿದೆ. ದೀರ್ಘಕಾಲ ತಡೆಹಿಡಿದಿದ್ದರಿಂದ ಹೃದಯ ಅಡ್ರಿನಲಿನ್‌ಗೆ ಹೆಚ್ಚು ಸೂಕ್ಷ್ಮವಾಗಿರುತ್ತದೆ. ತಡೆ ಒಮ್ಮೆಲೇ ಹೋದರೆ ಬಡಿತವೂ ಬಿ.ಪಿ.ಯೂ ಏರಿ, ಹೃದಯದ ರಕ್ತನಾಳಗಳು ಕಿರಿದಾಗಿರುವವರಲ್ಲಿ ಎದೆನೋವು, ಹೃದಯಾಘಾತವೂ ಆಗಬಹುದು. ಅದಕ್ಕಾಗಿ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಹಂತಹಂತವಾಗಿ ಇಳಿಸುತ್ತಾರೆ. ಈ ಮಾತ್ರೆಯನ್ನು ಬರೀ ಬಿ.ಪಿ.ಗೆಂದೇ ಶುರುಮಾಡಿದ್ದೇ ಅಥವಾ ಹೃದಯದ ಬೇರೆ ತೊಂದರೆಗೂ ಕೊಟ್ಟದ್ದೇ ಎಂದು ಕೇಳಿ. ಬರೀ ಬಿ.ಪಿ.ಗಾದರೆ ಬದಲಿಗಳು ಧಾರಾಳವಾಗಿವೆ. ಬ್ರಿಟನ್ನಿನ ಮಾರ್ಗಸೂಚಿಯಂತೂ 2006ರಲ್ಲೇ ಅಟೆನೊಲಾಲ್‌ನ ಗುಂಪನ್ನು ಬಿ.ಪಿ.ಯ ಮೊದಲ ಆಯ್ಕೆಯಿಂದ ಕೈಬಿಟ್ಟಿತು.

ಪ್ರಜ್ಞೆ ತಪ್ಪಿದರೆ, ಕಣ್ಣು ಕತ್ತಲಿಟ್ಟು ಬೀಳುವಂತಾದರೆ, ಎದೆನೋವು ಬಂದರೆ, ಕೂತಲ್ಲೇ ಉಸಿರು ಕಟ್ಟಿದರೆ, ಮಾತಿನಲ್ಲಿ ಗೊಂದಲ ಕಂಡರೆ ಅಥವಾ ಕೈಯಿಂದ ಎಣಿಸಿದಾಗಲೂ ಬಡಿತ 40ಕ್ಕಿಂತ ಕೆಳಗಿದ್ದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ; ಅಂಥ ಹೊತ್ತಿನಲ್ಲಿ ಮುಂದಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಇವೇನೂ ಇಲ್ಲದಿದ್ದರೆ ವೈದ್ಯರನ್ನು ಕಾಣುವವರೆಗೆ ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ ಬಡಿತವನ್ನೂ ಬಿ.ಪಿ.ಯನ್ನೂ ಬರೆದಿಡಿ, ಆ ಚೀಟಿಯ ಜೊತೆ ಸ್ಟ್ರಿಪ್‌ಗಳನ್ನೂ ಡ್ರಾಪ್ಸ್ ಬಾಟಲಿಯನ್ನೂ ತೆಗೆದುಕೊಂಡು ಹೋಗಿ.