ಪ್ರತಿಕ್ರಿಯೆ: ಗಿಡ ನೆಟ್ಟರೆ ಅದು ಕಲೆ ಹೇಗಾಗುತ್ತದೆ?

ಜರ್ಮನ್ ಕಲಾವಿದ ಜೋಸೆಫ್ ಬಾಯ್ಸ್ ಗಿಡ ನೆಟ್ಟಿದ್ದು ಬರೀ ಪರಿಸರ ಹೋರಾಟ, ಅದರಲ್ಲಿ ಕಲೆ ಎಲ್ಲಿದೆ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಕಲೆ ಇರುವುದು ಗಿಡಗಳ ಪಕ್ಕ ಅವರು ನಿಲ್ಲಿಸಿದ ಕಲ್ಲುಗಳಲ್ಲಿ. 1982ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ, ಮ್ಯೂಸಿಯಂ ಎದುರೇ 7,000 ಬಸಾಲ್ಟ್ (ಲಾವಾ ಗಟ್ಟಿಯಾಗಿ ಆದ ಕಪ್ಪು ಶಿಲೆ) ಕಲ್ಲುಗಳ ರಾಶಿ ಹಾಕಿಸಿದರು. ಒಂದು ಗಿಡ ನೆಟ್ಟರೆ ಒಂದು ಕಲ್ಲು ಅಲ್ಲಿಂದ ಎದ್ದು ಅದರ ಪಕ್ಕ ನಿಲ್ಲಬೇಕು. ಕೆಲಸ ಎಷ್ಟು ಬಾಕಿ ಇದೆ ಅಂತ ಊರಿಗೆಲ್ಲ ದಿನಾ ಕಾಣುತ್ತಿತ್ತು. ಸುಮ್ನೆ ಭಾಷಣ ಮಾಡಿದ್ದರೆ ಆ ಒತ್ತಡ ಬರುತ್ತಿತ್ತಾ? (ಶಿಲ್ಪ, ಪ್ರದರ್ಶನ, ಪಾಠ, ಪರಿಸರವಾದಿ ಗ್ರೀನ್ ಪಕ್ಷ, ಎಲ್ಲದರಲ್ಲೂ ಇದ್ದ ಮನುಷ್ಯ, ಭಾಷಣವೂ ಜಾಸ್ತಿಯೇ ಇತ್ತು ಬಿಡಿ.) ಮೊದಲು ಕಲ್ಲಿನ ಪಕ್ಕ ಸಸಿ ಕಡ್ಡಿಯಂತಿತ್ತು. ಈಗ ಮರದ ಬುಡದಲ್ಲಿ ಕಲ್ಲೇ ಪುಟ್ಟದು. ಬಾಯ್ಸ್ 1986ರಲ್ಲಿ ತೀರಿಕೊಂಡರು. ಕೊನೆಯ ಗಿಡ ನೆಟ್ಟಿದ್ದು ಮರುವರ್ಷ, ಅವರ ಮಗ.