ಅಪ್ಪಯ್ಯನ ಟ್ರಂಕು, ಅಮ್ಮನ ಎರಡು ಹೆಸರು

ಓದುಗರ ಪ್ರಶ್ನೆ: ಹಣ, ದಾಖಲೆ, ಜಮೀನು

ಪ್ರಶ್ನೆ: ಅಪ್ಪಯ್ಯನಿಗೆ 79, ಆಯಿಗೆ 74. ಅಟ್ಟದ ಮೇಲಿನ ಟ್ರಂಕಿನಲ್ಲಿ ಪಾಸ್‌ಬುಕ್, ಎಲ್‌ಐಸಿ ಬಾಂಡ್, ಸಂಘದ ಷೇರು, ಹಳೆಯ ಪಹಣಿ, ಅಡಿಕೆ ಮಾರಿದ ಚೀಟಿ ಎಲ್ಲ ಒಟ್ಟಿಗೇ ತುಂಬಿವೆ. ನಾವು ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ರಜೆಯಲ್ಲಿ ಬಂದಾಗ ಎಲ್ಲಿಂದ ಶುರು ಮಾಡುವುದು?
– ಶಿರಸಿ ತಾಲ್ಲೂಕಿನ ಓದುಗರು

ಉತ್ತರ: ವರ್ಷವಾರು ಜೋಡಿಸಲು ಕೂರಬೇಡಿ, ರಜೆ ಅದರಲ್ಲೇ ಮುಗಿದುಹೋಗುತ್ತದೆ. ಹಣ ಎಲ್ಲಿದೆ ಎನ್ನುವುದನ್ನು ನೋಡಿ ಗುಡ್ಡೆ ಹಾಕಿ: ಬ್ಯಾಂಕಿಗೊಂದು, ಅಂಚೆ ಕಚೇರಿಗೊಂದು, ಪ್ರತಿ ಸಹಕಾರಿ ಸಂಘಕ್ಕೊಂದು, ವಿಮೆಗೊಂದು, ಜಮೀನಿಗೊಂದು. ಅಪ್ಪಯ್ಯ, ಆಯಿ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ಯಾವ ಠೇವಣಿ ಯಾರ ಮದುವೆಗೆಂದು ಇಟ್ಟದ್ದು, ಯಾವುದನ್ನು ಮುರಿಸಿ ಬಾವಿ ತೆಗೆಸಿದ್ದು ಎಂಬುದು ಅವರಿಗೇ ಗೊತ್ತು. ಮುರಿಸಿಯಾದ ಠೇವಣಿಯ ರಸೀದಿಗಾಗಿ ಬ್ಯಾಂಕಿಗೆ ಅಲೆಯುವುದು ಅಲ್ಲಿಗೇ ತಪ್ಪುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ಖಾತೆಗೊಂದು ಸಾಲು ಬರೆಯಿರಿ. ಸಂಸ್ಥೆ, ಶಾಖೆ, ಖಾತೆ ಸಂಖ್ಯೆ, ಅಲ್ಲಿ ಬರೆದಿರುವಂತೆಯೇ ಹೆಸರು, ಜಂಟಿಯೋ ಅಲ್ಲವೋ, ನಾಮಿನಿ ಯಾರು, ಕೊನೆಯ ವ್ಯವಹಾರ ಯಾವಾಗ, ವಾಯಿದೆ ಎಂದಿಗೆ ಎಂಬಷ್ಟು ಸಾಕು. ಎಟಿಎಂ ಪಿನ್ ಮಾತ್ರ ಬರೆಯಬೇಡಿ. ಕೊನೆಯ ವ್ಯವಹಾರದ ತಾರೀಕು ಏಕೆಂದರೆ, ಗ್ರಾಹಕರೇ ಮಾಡಿದ ವ್ಯವಹಾರ 2 ವರ್ಷ ಇಲ್ಲದಿದ್ದರೆ ಉಳಿತಾಯ ಖಾತೆ ನಿಷ್ಕ್ರಿಯವಾಗುತ್ತದೆ. ಬ್ಯಾಂಕ್ ತಾನಾಗಿ ಹಾಕುವ ಬಡ್ಡಿ ಲೆಕ್ಕಕ್ಕಿಲ್ಲ. 10 ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದರೂ ಮುಳುಗುವುದಿಲ್ಲ, ಅದೇ ಬ್ಯಾಂಕಿನ ಮೂಲಕ ವಾಪಸು ಪಡೆಯಬಹುದು. ಆದರೆ ಖಾತೆದಾರರೇ ಆಧಾರ್, ಪ್ಯಾನ್ ಹಿಡಿದು ಶಾಖೆಗೆ ಹೋಗಿ ಸಹಿ ಹಾಕುವಷ್ಟು ಗಟ್ಟಿಯಿರುವಾಗ ಆಗುವ ಸಲೀಸು ಆಮೇಲೆ ಇರುವುದಿಲ್ಲ.

ಇಂಥ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಜಾಲತಾಣ 2023ರಿಂದ ಇದೆ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಹಣ ಎಷ್ಟೋ ಇರುವುದು ಸಹಕಾರಿ ಸಂಘಗಳಲ್ಲಿ, ಅವು ಅಲ್ಲಿ ಸಿಗುವುದಿಲ್ಲ. ಪ್ರತಿ ಸಂಘದ ಕೌಂಟರಿಗೆ ಅಪ್ಪಯ್ಯನನ್ನು ಕರೆದುಕೊಂಡು ಹೋಗಿ, ಸದಸ್ಯ ಸಂಖ್ಯೆ ಕೊಟ್ಟು ಐದು ವಿಷಯ ಬರಹದಲ್ಲಿ ಕೇಳಿ: ಷೇರು, ಬಾಕಿ ಡಿವಿಡೆಂಡ್, ಠೇವಣಿ, ಸಾಲ, ಜಾಮೀನು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ನೆರೆಮನೆಯವರ ಸಾಲಕ್ಕೆ ಅಪ್ಪಯ್ಯ ಜಾಮೀನು ಹಾಕಿದ್ದರೆ ಅದರ ಕಾಗದ ನಿಮ್ಮ ಟ್ರಂಕಿನಲ್ಲಿ ಇರುವುದೇ ಇಲ್ಲ. ಸಾಲಗಾರ ಕಟ್ಟದಿದ್ದರೆ, ಅಪ್ಪಯ್ಯನ ನಂತರ ಅದು ಅವರ ಆಸ್ತಿಯ ಮೇಲೆ ಬರುತ್ತದೆ.

ಇನ್ನೊಂದು ಮಾತು. ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕಿನದಕ್ಕೂ ಇದೆ. ಸೇವಾ ಸಹಕಾರಿ ಸಂಘ, ಸೌಹಾರ್ದ ಸಂಘಗಳ ಠೇವಣಿಗೆ ಇಲ್ಲ. ಸಂಘ ಎಷ್ಟೇ ಗಟ್ಟಿಯಿರಲಿ, ಇಳಿವಯಸ್ಸಿನವರ ಔಷಧದ ದುಡ್ಡನ್ನು ಪೂರ್ತಿಯಾಗಿ ಒಂದೇ ಸಂಘದಲ್ಲಿ ಇಡಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ನಾಮಿನಿ ಹೆಸರನ್ನೂ ಓದಿ ನೋಡಿ. ಹಳೆಯ ಖಾತೆಗಳಲ್ಲಿ ಎಂದೋ ತೀರಿಹೋದ ಅಜ್ಜಿಯ ಹೆಸರೇ ಉಳಿದಿರುತ್ತದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಸಬಹುದು. ನಾಮಿನಿ ಹಣವನ್ನು ಪಡೆದುಕೊಳ್ಳುವವರು ಮಾತ್ರ, ಒಡೆತನ ವಾರಸುದಾರರದ್ದು. ಅಣ್ಣ-ತಮ್ಮ, ಅಕ್ಕ-ತಂಗಿಯರು ಇದನ್ನು ಈಗಲೇ ಒಟ್ಟಿಗೆ ಕೂತು ಮಾತಾಡಿಕೊಳ್ಳಿ.

ಪ್ರಶ್ನೆ: ಮದುವೆಯಲ್ಲಿ ಅಮ್ಮನ ಹೆಸರನ್ನೇ ಬದಲಾಯಿಸಿದ್ದಾರೆ. ಶಾಲೆಯ ಸರ್ಟಿಫಿಕೇಟಿನಲ್ಲಿ, ಹಳೆಯ ಎಲ್‌ಐಸಿ ಬಾಂಡಿನಲ್ಲಿ ತವರಿನ ಹೆಸರು. ಆಧಾರ್‌ನಲ್ಲಿ ಗಂಡನ ಮನೆಯ ಹೆಸರು. ಸಿಂಡಿಕೇಟ್ ಬ್ಯಾಂಕಿನ ಠೇವಣಿ ರಸೀದಿಯೊಂದು ಸಿಕ್ಕಿದೆ, ಆ ಬ್ಯಾಂಕೇ ಈಗಿಲ್ಲ.
– ಕಾರವಾರದ ಓದುಗರು

ಉತ್ತರ: ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಮನೆಮನೆಯ ತೊಡಕು. ಮೊದಲು ಆಧಾರ್ ಮತ್ತು ಪ್ಯಾನ್ ಎರಡರಲ್ಲೂ ಹೆಸರು, ಹುಟ್ಟಿದ ದಿನಾಂಕ ಅಕ್ಷರಶಃ ಒಂದೇ ಆಗಲಿ. ಬ್ಯಾಂಕು, ಎಲ್‌ಐಸಿ ಆಮೇಲೆ. ಈ ಕ್ರಮ ತಪ್ಪಿದರೆ ಬ್ಯಾಂಕಿನಲ್ಲಿ ತಿದ್ದಿಸಿದ್ದನ್ನು ಮತ್ತೊಮ್ಮೆ ತಿದ್ದಿಸಬೇಕಾಗುತ್ತದೆ. ಆಧಾರ್‌ಗೆ ಜೋಡಿಸದ ಪ್ಯಾನ್ ನಿಷ್ಕ್ರಿಯವಾಗುತ್ತದೆ, ಆಗ ತೆರಿಗೆ ಹಿಡಿಯಬೇಕಾದ ಬಡ್ಡಿಯಲ್ಲಿ ಶೇಕಡಾ 20ರಷ್ಟು ಕಡಿತ. 80 ದಾಟಿದವರಿಗೆ ಈ ಜೋಡಣೆ ಕಡ್ಡಾಯವಲ್ಲ.

ಎರಡು ಹೆಸರೂ ಒಬ್ಬರದೇ ಎಂಬ ಅಫಿಡವಿಟ್ ಅನ್ನು ನೋಟರಿ ಮುಂದೆ ಮಾಡಿಸಿ. ಯಾವ ದಾಖಲೆಯಲ್ಲಿ ಯಾವ ಹೆಸರು, ಯಾವ ಕಾಗುಣಿತ, ಯಾವ ಇನಿಷಿಯಲ್ ಎಂಬುದು ದಾಖಲೆಯ ಸಂಖ್ಯೆ ಸಮೇತ ಅದರಲ್ಲಿ ಇರಲಿ. ‘ಎರಡೂ ನಾನೇ’ ಎಂದಷ್ಟೇ ಬರೆದ ಅಫಿಡವಿಟ್ ಎಷ್ಟೋ ಸಲ ತಿರುಗಿ ಬರುತ್ತದೆ. ಹೆಸರು ಪೂರ್ತಿ ಬೇರೆಯಾದಾಗ ಕೆಲವು ಕಡೆ ಗೆಜೆಟ್ ಪ್ರಕಟಣೆಯನ್ನೂ ಕೇಳುತ್ತಾರೆ. ಎಲ್ಲಿ ಏನು ಬೇಕೆಂದು ಮೊದಲೇ ಕೇಳಿಕೊಂಡು ಮುಂದುವರಿಯಿರಿ.

ಸಿಂಡಿಕೇಟ್ 2020ರ ಏಪ್ರಿಲ್ 1ರಂದು ಕೆನರಾದಲ್ಲಿ ವಿಲೀನವಾಯಿತು, ರಸೀದಿ ಹಿಡಿದು ಅಲ್ಲಿಗೇ ಹೋಗಿ. ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿತು. ವಿಜಯಾ ಬ್ಯಾಂಕ್ ಅದಕ್ಕೂ ಒಂದು ವರ್ಷ ಮೊದಲು ಬ್ಯಾಂಕ್ ಆಫ್ ಬರೋಡಾಕ್ಕೆ ಹೋಗಿತ್ತು. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಉದ್ಗಮ್‌ನಲ್ಲಿ ಹುಡುಕುವಾಗ ಅಮ್ಮನ ಎರಡೂ ಹೆಸರು ಹಾಕಿ ನೋಡಿ. ಎಲ್‌ಐಸಿ ಜಾಲತಾಣದಲ್ಲಿಯೂ ಕ್ಲೇಮ್ ಆಗದ ಹಣ ಹುಡುಕುವ ಪುಟವಿದೆ. ಕಂತು ನಿಂತಿತೆಂದು ಬಾಂಡ್ ಎಸೆಯಬೇಡಿ: ಹಳೆಯ ಸಾಂಪ್ರದಾಯಿಕ ಪಾಲಿಸಿಗೆ ಮೂರು ವರ್ಷ ಕಂತು ಕಟ್ಟಿದ್ದರೆ ಸಾಮಾನ್ಯವಾಗಿ ಅದು ಪೇಡ್‌ಅಪ್ ಆಗಿ, ಅಂದರೆ ಕಟ್ಟಿದ ಕಂತಿಗೆ ತಕ್ಕಷ್ಟು ಕಡಿಮೆ ಮೊತ್ತದ ಪಾಲಿಸಿಯಾಗಿ, ಉಳಿದಿರುತ್ತದೆ.

ಪ್ರಶ್ನೆ: ತಂದೆಗೆ ಮರೆವು ಶುರುವಾಗಿದೆ. ಪವರ್ ಆಫ್ ಅಟಾರ್ನಿ ಮಾಡಿಸಿಕೊಂಡರೆ ಮುಂದೆ ಎಲ್ಲಕ್ಕೂ ಸಾಕೇ?
– ಅಂಕೋಲಾದ ಓದುಗರು

ಉತ್ತರ: ಸಾಲದು. ಕೊಟ್ಟವರ ಬುದ್ಧಿಸ್ಥಿಮಿತ ತಪ್ಪಿದರೆ ನಮ್ಮ ಕಾನೂನಿನಲ್ಲಿ ಆ ಅಧಿಕಾರಪತ್ರ ಅಲ್ಲಿಗೇ ಮುಗಿಯುತ್ತದೆ, ತೀರಿಹೋದರೂ ಅಷ್ಟೇ. ಆ ಹಂತ ದಾಟಿದ ಮೇಲೆ ಪಾಲಕರ ನೇಮಕಕ್ಕೆ ಹೈಕೋರ್ಟಿನ ಧಾರವಾಡ ಪೀಠದವರೆಗೂ ಹೋಗಬೇಕಾಗಬಹುದು. ಹಾಗಾಗಿ ತಿಳಿವು ಚೆನ್ನಾಗಿರುವ ಈಗಲೇ ಉಳಿತಾಯ ಖಾತೆಗೆ ನಂಬಿಕೆಯ ಒಬ್ಬರನ್ನು ‘ಐದರ್ ಆರ್ ಸರ್ವೈವರ್’ (ಇಬ್ಬರಲ್ಲಿ ಯಾರಾದರೂ, ಅಥವಾ ಉಳಿದವರು ವ್ಯವಹರಿಸಬಹುದು) ಎಂದು ಸೇರಿಸಿ. ಜಂಟಿ ಠೇವಣಿಗಳಲ್ಲಿ, ಅವಧಿಗೆ ಮುನ್ನ ಮುರಿಸಲು ಒಬ್ಬರ ಸಹಿ ಸಾಕೆಂಬ ಸೂಚನೆಯನ್ನೂ ಬರೆದುಕೊಡಿ. ಅದಿಲ್ಲದಿದ್ದರೆ ಆಸ್ಪತ್ರೆ ಖರ್ಚಿಗೆ ಠೇವಣಿ ಮುರಿಸಲು ಇಬ್ಬರ ಸಹಿಯನ್ನೂ ಕೇಳುತ್ತಾರೆ.

ಉಯಿಲಿಗೆ ಇಬ್ಬರು ಸಾಕ್ಷಿ ಬೇಕು, ನೋಂದಣಿ ಕಡ್ಡಾಯವಲ್ಲ. ಮರೆವಿನ ಸುಳಿವಿರುವಾಗ ಮಾತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವುದೇ ಒಳ್ಳೆಯದು, ಜೊತೆಗೆ ಅದೇ ದಿನದ ವೈದ್ಯರ ಪತ್ರವಿರಲಿ. ಕೈ ನಡುಗಿ ಸಹಿ ಹೊಂದದಿದ್ದರೆ ಹೆಬ್ಬೆಟ್ಟು ಒತ್ತಿ ಹಣ ತೆಗೆಯಬಹುದು: ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕ್ ಅಧಿಕಾರಿ.

ಪ್ರಶ್ನೆ: ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ. ಸಂಘದ ಸಾಲ ತೀರಿಸಿ ಎಷ್ಟೋ ವರ್ಷವಾದರೂ ಪಹಣಿಯಲ್ಲಿ ನಮೂದಾದ ಸಾಲದ ಬೋಜಾ ಹೋಗಿಲ್ಲ.
– ಸಿದ್ದಾಪುರದ ಓದುಗರು

ಉತ್ತರ: ಬೋಜಾ ತಾನಾಗಿ ಇಳಿಯುವುದಿಲ್ಲ. ಸಂಘದಿಂದ ಸಾಲ ತೀರಿದ ಪತ್ರ ತಂದು ಕೊಟ್ಟು ಪಹಣಿಯ 11ನೇ ಕಾಲಂನಿಂದ ತೆಗೆಸಬೇಕು. ಪೌತಿ ಖಾತೆಗೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಗೆ) ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಆಧಾರ್‌ನೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಡುವುದೇ ತಕರಾರಿಗೆ ದೊಡ್ಡ ಕಾರಣ. ಬಿಡಬೇಡಿ, ಅದು ಅನ್ಯಾಯವೂ ಹೌದು. ಅಜ್ಜನ ಮರಣವೇ ನೋಂದಣಿಯಾಗಿಲ್ಲದಿದ್ದರೆ, ವರ್ಷ ದಾಟಿದ ಕಾರಣ ಮ್ಯಾಜಿಸ್ಟ್ರೇಟ್ ಅಧಿಕಾರವಿರುವ ಅಧಿಕಾರಿಯ ಆದೇಶ ಬೇಕಾಗುತ್ತದೆ, ಆ ಕೆಲಸ ಮೊದಲು ಹಿಡಿಯಿರಿ. ಪಾಲು ಮಾಡುವಾಗ ಸೊಪ್ಪಿನ ಬೆಟ್ಟವನ್ನು (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡನ್ನು) ಸ್ವಂತ ಎಕರೆಯೆಂದು ಎಣಿಸಬೇಡಿ. ಅದು ತೋಟಕ್ಕೆ ಹೊಂದಿಕೊಂಡ ಸವಲತ್ತು, ಮಾಲಿಕತ್ವವಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಕಾಗದವೆಲ್ಲ ಬೂಸಲು. ಯಾವುದನ್ನು ಎಸೆಯಬಹುದು?
– ಕುಮಟಾದ ಓದುಗರು

ಉತ್ತರ: ಹಳೆಯ ಕರೆಂಟ್ ಬಿಲ್, ಸಾಲ ತೀರಿದ ಪತ್ರ ಕೈಗೆ ಬಂದ ಮೇಲಿನ ಕಂತಿನ ರಸೀದಿ ಎಸೆಯಿರಿ. ನೋಂದಾಯಿತ ಪತ್ರ, ಭೂ ನ್ಯಾಯಮಂಡಳಿಯ ಗೇಣಿ ಆದೇಶ, ಸೀಬರ್ಡ್ ನೌಕಾನೆಲೆ ಅಥವಾ ಕೊಂಕಣ ರೈಲ್ವೆಗೆ ಜಮೀನು ಹೋದ ಅವಾರ್ಡ್ (ಪರಿಹಾರದ ಆದೇಶ) ಪ್ರತಿ ಎಂದಿಗೂ ಎಸೆಯಬಾರದು. ಮೂಲಪತ್ರಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ, ಮೊಹರು, ಸಹಿ ಪರೀಕ್ಷಿಸಲು ಬರುವುದಿಲ್ಲ. ಒದ್ದೆ ಹವೆಯಲ್ಲಿ ಪ್ಲಾಸ್ಟಿಕ್ ಕವರಿಗೆ ಹಾಕಿ ಮುಚ್ಚಿದರೆ ಶಾಯಿ ಕವರಿಗೇ ಅಂಟಿಕೊಳ್ಳುತ್ತದೆ. ಏಪ್ರಿಲ್-ಮೇ ಬಿಸಿಲುಗಾಲದಲ್ಲಿ ನೆರಳಿಗೆ ಹರಡಿ ಒಣಗಿಸಿ, ಕಾಗದದ ಫೈಲಿಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗೋಡೆಗೆ ತಾಗದ ಕಪಾಟಿನಲ್ಲಿಡಿ. ಎಟಿಎಂ ಚೀಟಿಯಂಥ ನುಣುಪು ಕಾಗದದ ರಸೀದಿಯ ಅಕ್ಷರ ಬೇಗ ಮಾಸುತ್ತದೆ, ಬಂದ ದಿನವೇ ಫೋಟೊ ತೆಗೆದುಕೊಳ್ಳಿ.